ಮೂಡುಬಿದಿರೆಯ ಓಲೆಯಲ್ಲಿ ಉಳಿದ ಮಹಾಸಂಖ್ಯೆ

79228162514264337593543950336

ಇಪ್ಪತ್ತೊಂಬತ್ತು ಅಂಕಿಗಳ ಈ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಮುಂದಕ್ಕೆ ಓದಿ. ಅದರ ಮೇಲೆ ಕೈಯಾರೆ ಮಾಡಿ ನೋಡಬೇಕಾದ ಲೆಕ್ಕಗಳಿವೆ. ಮೊಬೈಲಿನ ಸಾಮಾನ್ಯ ಕ್ಯಾಲ್ಕುಲೇಟರ್ ಇದಕ್ಕೆ ಸಾಲದು. ಅದು ಮೊದಲ ಕೆಲವು ಅಂಕಿಗಳನ್ನು ತೋರಿಸಿ ಉಳಿದದ್ದನ್ನು ಹತ್ತರ ಘಾತಕ್ಕೆ ಬಿಟ್ಟುಬಿಡುತ್ತದೆ. ನಮಗಾದರೋ ಕೊನೆಯ ಅಂಕಿಯ ತನಕ ಎಲ್ಲವೂ ಬೇಕು.

ಈ ಸಂಖ್ಯೆಗೂ ನಮ್ಮ ಸೀಮೆಗೂ ಹಳೆಯ ನಂಟಿದೆ. ಬಂಟ್ವಾಳದಿಂದ ಸಿದ್ದಕಟ್ಟೆಯ ದಾರಿಯಾಗಿಯೋ, ಬೆಳ್ತಂಗಡಿಯಿಂದ ಗುರುವಾಯನಕೆರೆ, ವೇಣೂರಿನ ದಾರಿಯಾಗಿಯೋ ಮೂಡುಬಿದಿರೆಗೆ ಬರುವವರು ಹೆಚ್ಚಾಗಿ ಸಾವಿರ ಕಂಬದ ಬಸದಿಯನ್ನು ನೋಡಿ ಹಿಂದಿರುಗುತ್ತಾರೆ. ಅದೇ ಊರಿನ ಗುರು ಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರೂ ಇದೆ. ಅಲ್ಲಿ ಕಾಪಾಡಿಕೊಂಡು ಬಂದ ಸಿದ್ಧಾಂತ ಗ್ರಂಥಗಳಿಂದ ಬಂದ ಹೆಸರು ಅದು. ಪುಷ್ಪದಂತ, ಭೂತಬಲಿ ಎಂಬ ಆಚಾರ್ಯರ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಎಂಬ ಟೀಕೆ ಅವುಗಳಲ್ಲಿ ಒಂದು. ರಾಷ್ಟ್ರಕೂಟರ ಕಾಲದಲ್ಲಿ, ಕ್ರಿ.ಶ. 816ರಲ್ಲಿ ಮುಗಿದ ಗ್ರಂಥ. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ. ತಾಳೆಗರಿಯ ಮೇಲಿನ ಲಿಪಿ ಹಳಗನ್ನಡ. ಹೊಯ್ಸಳರ ಕಾಲದ, ಬಣ್ಣದ ಚಿತ್ರಗಳಿರುವ ಓಲೆಗಳೂ ಇವುಗಳಲ್ಲಿವೆ. ಕಲೆಯ ಚರಿತ್ರೆ ಬರೆದವರು ಆ ಚಿತ್ರಗಳನ್ನು ಬಹಳ ಹೊಗಳಿದ್ದಾರೆ. ಓಲೆಯೊಳಗಿನ ಗಣಿತಕ್ಕೆ ಅಷ್ಟು ಹೊಗಳಿಕೆ ಸಿಕ್ಕಿಲ್ಲ.

ಬಹುಕಾಲ ಈ ಓಲೆಗಳು ದರ್ಶನದ ವಸ್ತುಗಳಾಗಿ ಮಾತ್ರ ಇದ್ದವು. 19ನೇ ಶತಮಾನದ ಕೊನೆಗೆ ಶುರುವಾದ ನಕಲು ಮಾಡುವ ಕೆಲಸ 1920ರ ದಶಕದವರೆಗೂ ನಡೆಯಿತು. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ 1939ರಲ್ಲಿ ಅಮರಾವತಿಯಿಂದ ಅಚ್ಚಾಗಿ ಹೊರಬಂತು, ಒಟ್ಟು 16 ಸಂಪುಟಗಳಾದವು. ಲಖನೌ ವಿಶ್ವವಿದ್ಯಾಲಯದ ಗಣಿತಜ್ಞ ಅವಧೇಶ ನಾರಾಯಣ ಸಿಂಗ್ ಅವರು ಧವಲೆಯ ಗಣಿತದ ಬಗ್ಗೆ ಬರೆದ ಪ್ರಬಂಧ ನಾಲ್ಕನೆಯ ಸಂಪುಟದಲ್ಲಿ ಸೇರಿದ ಮೇಲೆ, ಇದರಲ್ಲಿ ಏನಿದೆ ಎಂಬುದು ಹೊರಗಿನ ವಿದ್ವಾಂಸರಿಗೂ ತಿಳಿಯಿತು.

ಈಗ ಸಂಖ್ಯೆಗೆ ಬರೋಣ. ಲೋಕದಲ್ಲಿ ಮನುಷ್ಯರು ಎಷ್ಟು ಎಂಬುದು ಆಗಮದ ಪ್ರಶ್ನೆ. ಇಲ್ಲಿ ಮನುಷ್ಯರೆಂದರೆ ನಮ್ಮ ಭೂಮಿಯವರು ಮಾತ್ರವಲ್ಲ, ಜೈನ ಲೋಕವರ್ಣನೆಯ ಎರಡೂವರೆ ದ್ವೀಪಗಳಲ್ಲಿ ಇರುವವರೆಲ್ಲರೂ. ಆ ಎಣಿಕೆ ಶ್ರದ್ಧೆಗೆ ಸೇರಿದ್ದು, ಅದರ ಬಗ್ಗೆ ವಾದಕ್ಕೆ ನಾನು ಇಳಿಯುವುದಿಲ್ಲ. ಉತ್ತರ ಹೇಳಿದ ಕ್ರಮ ಮಾತ್ರ ಶುದ್ಧ ಗಣಿತ, ಅದನ್ನು ಯಾವ ಮತದವರೂ ಪರೀಕ್ಷಿಸಬಹುದು.

ಎರಡನ್ನು ತೆಗೆದುಕೊಳ್ಳಿ. ವರ್ಗ ಮಾಡಿ: 4. ಅದರ ವರ್ಗ 16. ಮೂರನೆಯ ವರ್ಗ 256. ನಾಲ್ಕನೆಯದು 65536. ಐದನೆಯದು 4294967296. ಆರನೆಯದು 18446744073709551616. ಎರಡರಿಂದ ಹೊರಟ ಈ ವರ್ಗಗಳ ಧಾರೆ ಜೈನ ಗಣಿತಕ್ಕೆ ಅಚ್ಚುಮೆಚ್ಚು. ಮನುಷ್ಯರ ಸಂಖ್ಯೆ ಆರನೆಯ ವರ್ಗಕ್ಕಿಂತ ಮೇಲೆ, ಏಳನೆಯ ವರ್ಗಕ್ಕಿಂತ ಕೆಳಗೆ ಎಂದು ಸೂತ್ರ ಹೇಳುತ್ತದೆ. ಇನ್ನೂ ಖಚಿತವಾಗಿ ಬೇಕೆಂದರೆ ಐದನೆಯ ವರ್ಗವನ್ನು ಆರನೆಯ ವರ್ಗದಿಂದ ಗುಣಿಸಬೇಕು. ಐದನೆಯ ವರ್ಗದಲ್ಲಿ 32 ಎರಡುಗಳಿವೆ, ಆರನೆಯದರಲ್ಲಿ 64. ಗುಣಿಸಿದರೆ ಒಟ್ಟು 96 ಎರಡುಗಳು. ಅಂದರೆ 2ರ 96ನೆಯ ಘಾತ. ನಿಮ್ಮ ಚೀಟಿಯಲ್ಲಿರುವುದು ಅದೇ.

ಅನುಯೋಗದ್ವಾರ ಸೂತ್ರ ಎಂಬ ಇನ್ನೊಂದು ಪ್ರಾಚೀನ ಜೈನ ಗ್ರಂಥವೂ ಇದೇ ಸಂಖ್ಯೆಯನ್ನು ಹೇಳುತ್ತದೆ, ಅದೂ ಮೂರು ರೀತಿಯಲ್ಲಿ: ಇಪ್ಪತ್ತೊಂಬತ್ತು ಸ್ಥಾನಗಳನ್ನು ತುಂಬುವ ಸಂಖ್ಯೆ, ಐದನೆಯ, ಆರನೆಯ ವರ್ಗಗಳ ಗುಣಲಬ್ಧ, ತೊಂಬತ್ತಾರು ಸಲ ಅರ್ಧ ಮಾಡಬಹುದಾದದ್ದು. ಒಂದು ಸಂಖ್ಯೆಯ ಉದ್ದ, ಅದು ಹುಟ್ಟಿದ ಬಗೆ, ಅದರ ಒಳಗಿನ ರಚನೆ, ಈ ಮೂರನ್ನೂ ಒಟ್ಟಿಗೆ ಹೇಳಿದ್ದನ್ನು ಕಂಡಾಗ ನನಗೆ ನಿಜವಾಗಿ ಗೌರವ ಮೂಡುತ್ತದೆ. ದೊಡ್ಡ ಸಂಖ್ಯೆಯನ್ನು ಕೇಳಿ ಬೆರಗಾಗುವುದು ಎಲ್ಲ ನಾಡಿನ ಕತೆಗಳಲ್ಲೂ ಇದೆ. ಆ ಸಂಖ್ಯೆಯ ಒಡಲನ್ನು ಬಿಚ್ಚಿ ನೋಡುವುದು ಅಪರೂಪ.

ತೊಂಬತ್ತಾರು ಎರಡುಗಳಿಗೂ ಇಪ್ಪತ್ತೊಂಬತ್ತು ಅಂಕಿಗಳಿಗೂ ಏನು ಸಂಬಂಧ? ಹತ್ತು ಎರಡುಗಳನ್ನು ಗುಣಿಸಿದರೆ 1024, ಸಾವಿರಕ್ಕಿಂತ ತುಸು ಹೆಚ್ಚು. ತೊಂಬತ್ತು ಎರಡುಗಳೆಂದರೆ ಅಂಥ ಒಂಬತ್ತು ಸಾವಿರಗಳ ಗುಣಲಬ್ಧ, ಅಂದರೆ ಒಂದರ ಮುಂದೆ 27 ಸೊನ್ನೆ. ಉಳಿದ ಆರು ಎರಡುಗಳು ಸೇರಿ 64. ಹಾಗಾಗಿ ನಮ್ಮ ಸಂಖ್ಯೆ ಸುಮಾರು 64ರ ಮುಂದೆ 27 ಸೊನ್ನೆ ಹಾಕಿದಷ್ಟು ದೊಡ್ಡದು. ಪ್ರತಿ ಸಾವಿರದಲ್ಲೂ ನಾವು ಬಿಟ್ಟ 24 ಒಂಬತ್ತು ಸಲ ಸೇರಿಕೊಂಡು 64 ಬೆಳೆದು 79 ಆಗುತ್ತದೆ. ಅಂಕಿಗಳು ಎರಡು ಮತ್ತು ಇಪ್ಪತ್ತೇಳು, ಒಟ್ಟು ಇಪ್ಪತ್ತೊಂಬತ್ತು. ಇಪ್ಪತ್ತೊಂಬತ್ತು ಅಂಕಿಗಳಲ್ಲಿ ಬರೆಯಬಹುದಾದ ಎರಡರ ಘಾತಗಳು ಮೂರೇ ಮೂರು: 94, 95, 96ನೆಯವು. ಅವುಗಳಲ್ಲಿ ನಮ್ಮದು ದೊಡ್ಡದು.

ಅರ್ಧ ಮಾಡುವ ಆಟವನ್ನು ಈಗ ನೀವೇ ಶುರುಮಾಡಿ. ಮೊದಲ ಅರ್ಧ 39614081257132168796771975168. ಎರಡನೆಯದು 19807040628566084398385987584. ಮೂರನೆಯ ಅರ್ಧಕ್ಕೆ ಅಂಕಿಗಳು ಇಪ್ಪತ್ತೆಂಟಾಗುತ್ತವೆ. ಹೀಗೆ ತೊಂಬತ್ತಾರು ಸಲ ಇಳಿದರೆ ಸರಿಯಾಗಿ ಒಂದಕ್ಕೆ ಬಂದು ನಿಲ್ಲುತ್ತೀರಿ, ಎಲ್ಲಿಯೂ ಶೇಷ ಉಳಿಯುವುದಿಲ್ಲ. ಹೋಲಿಸಿ ನೋಡಬೇಕೆನಿಸಿದರೆ ಇಂದು ಭೂಮಿಯ ಮೇಲಿರುವ ಎಂಟುನೂರು ಕೋಟಿಗೂ ಮಿಕ್ಕ ಜನರನ್ನು ಅರ್ಧ, ಅದರ ಅರ್ಧ ಎಂದು ಇಳಿಸುತ್ತ ಹೋಗಿ. ಮೂವತ್ತಮೂರನೆಯ ಸಲಕ್ಕೆ ಒಬ್ಬರೂ ಪೂರ್ತಿ ಉಳಿಯುವುದಿಲ್ಲ.

ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದೋ ಆ ಎಣಿಕೆಗೆ ಧವಲೆಯಲ್ಲಿ ಅರ್ಧಚ್ಛೇದ ಎಂದು ಹೆಸರು. ನಮ್ಮ ಸಂಖ್ಯೆಯ ಅರ್ಧಚ್ಛೇದ 96. ವೀರಸೇನರು ಇದಕ್ಕೆ ನಿಯಮಗಳನ್ನೇ ಕೊಡುತ್ತಾರೆ. ಎರಡು ರಾಶಿಗಳನ್ನು ಗುಣಿಸಿದಾಗ ಅವುಗಳ ಅರ್ಧಚ್ಛೇದಗಳು ಕೂಡಿಕೊಳ್ಳುತ್ತವೆ, ಭಾಗಿಸಿದಾಗ ಒಂದರಿಂದ ಇನ್ನೊಂದನ್ನು ಕಳೆಯಬೇಕಾಗುತ್ತದೆ. ಮೂವತ್ತೆರಡಕ್ಕೆ ಅರುವತ್ತನಾಲ್ಕು ಕೂಡಿ ತೊಂಬತ್ತಾರು ಬಂದದ್ದು ಈ ನಿಯಮದಿಂದಲೇ. ಮೂರರಿಂದ ಭಾಗಿಸುತ್ತ ಹೋಗುವುದಕ್ಕೂ ನಾಲ್ಕರಿಂದ ಭಾಗಿಸುತ್ತ ಹೋಗುವುದಕ್ಕೂ ಬೇರೆ ಬೇರೆ ಹೆಸರುಗಳಿವೆ. ಅರ್ಧಚ್ಛೇದದ ಅರ್ಧಚ್ಛೇದಕ್ಕೆ ವರ್ಗಶಲಾಕೆ ಎನ್ನುತ್ತಾರೆ. ಆರನೆಯ ವರ್ಗದ ಅರ್ಧಚ್ಛೇದ 64, ವರ್ಗಶಲಾಕೆ 6. ನಮ್ಮ ಸಂಖ್ಯೆಗೆ ಹೀಗೆ ಪೂರ್ಣಾಂಕದ ವರ್ಗಶಲಾಕೆ ಇಲ್ಲ, ಏಕೆಂದರೆ 96ನ್ನು ಐದು ಸಲ ಅರ್ಧ ಮಾಡಿದ ಮೇಲೆ ಮೂರು ಉಳಿದುಬಿಡುತ್ತದೆ. ವರ್ಗಗಳ ಧಾರೆಯಲ್ಲಿ ಅದಕ್ಕೆ ಜಾಗವಿಲ್ಲದ್ದರಿಂದಲೇ ಎರಡು ವರ್ಗಗಳ ಗುಣಲಬ್ಧವಾಗಿ ಅದನ್ನು ಹೇಳಬೇಕಾಯಿತು. ಆರನೆಯ ವರ್ಗವನ್ನೂ ಏಳನೆಯ ವರ್ಗವನ್ನೂ ಗುಣಿಸಿ ವರ್ಗಮೂಲ ತೆಗೆದರೂ ಸಿಗುವುದು ಇದೇ ಸಂಖ್ಯೆ: ಸೂತ್ರ ಹೇಳಿದ ಎರಡು ಎಲ್ಲೆಗಳ ನಡುವೆ, ಗುಣೋತ್ತರದ ಲೆಕ್ಕದಲ್ಲಿ, ಸರಿಯಾಗಿ ಮಧ್ಯದಲ್ಲಿ ಅದು ನಿಂತಿದೆ.

ಜಾನ್ ನೇಪಿಯರ್ 1614ರಲ್ಲಿ ಲಾಗರಿದಮ್ ಕೋಷ್ಟಕ ಪ್ರಕಟಿಸುವ ಎಂಟುನೂರು ವರ್ಷ ಮೊದಲೇ ನಮ್ಮಲ್ಲಿ ಲಾಗರಿದಮ್ ಇತ್ತು ಎಂದು ಭಾಷಣ ಮಾಡುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ನೇಪಿಯರನ ಕೋಷ್ಟಕ ಯಾವ ಸಂಖ್ಯೆ ಬಂದರೂ ಲೆಕ್ಕಕ್ಕೆ ಒದಗುವ ಉಪಕರಣ. ಅರ್ಧಚ್ಛೇದ ಎಂಬುದು ಅರ್ಧ ಮಾಡುವ ಕ್ರಿಯೆಯ ಎಣಿಕೆ. ಆದರೆ ಗುಣಾಕಾರವನ್ನು ಸಂಕಲನವಾಗಿ ಇಳಿಸುವ ಆ ಮೂಲ ತಿಳಿವು ಎರಡರಲ್ಲೂ ಒಂದೇ, ಮತ್ತು ಅದು 816ರ ಹೊತ್ತಿಗೆ ಸ್ಪಷ್ಟವಾದ ಮಾತುಗಳಲ್ಲಿ ಬರೆಯಲ್ಪಟ್ಟಿತ್ತು. ವೀರಸೇನರ ಹಿರಿಮೆಗೆ ಇಷ್ಟು ಸತ್ಯವೇ ಸಾಕು, ಇದಕ್ಕಿಂತ ಹೆಚ್ಚಿನದನ್ನು ಅಂಟಿಸಿದರೆ ಅವರಿಗೆ ಅನ್ಯಾಯವಾಗುತ್ತದೆ.

ಇದಕ್ಕೂ ದೊಡ್ಡ ಸಂಖ್ಯೆಗಳ ದಾರಿಯೂ ಅಲ್ಲಿದೆ. ಒಂದು ಸಂಖ್ಯೆಯನ್ನು ಅದರಷ್ಟೇ ಸಲ ಗುಣಿಸುವುದು ವರ್ಗಿತ-ಸಂವರ್ಗಿತ. ಎರಡಕ್ಕೆ ಮಾಡಿದರೆ 4. ನಾಲ್ಕಕ್ಕೆ ಮಾಡಿದರೆ 256. 256ಕ್ಕೆ ಮಾಡಿದರೆ 617 ಅಂಕಿಗಳ ಸಂಖ್ಯೆ. ಮೂರೇ ಹೆಜ್ಜೆ.

ಧವಲೆಯ ನಂತರ ಈ ಸಂಖ್ಯೆಯ ಕತೆ ಶ್ರವಣಬೆಳಗೊಳದ ಕಡೆ ತಿರುಗುತ್ತದೆ. ಹತ್ತನೆಯ ಶತಮಾನದ ಕೊನೆಯಲ್ಲಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಚಾವುಂಡರಾಯನಿಗಾಗಿ ಗೊಮ್ಮಟಸಾರವನ್ನು ರಚಿಸಿದರು. ಷಟ್ಖಂಡಾಗಮದ ಸಾರವನ್ನು ಗಾಹೆ ಎಂಬ ಪ್ರಾಕೃತ ಪದ್ಯಗಳಲ್ಲಿ ಇಳಿಸಿದ ಗ್ರಂಥ ಅದು. ಕೇಶವಣ್ಣ 1359ರಲ್ಲಿ ಅದಕ್ಕೆ ಕನ್ನಡದಲ್ಲಿ ವೃತ್ತಿ ಬರೆದ. ಆ ಗೊಮ್ಮಟಸಾರದ ಜೀವಕಾಂಡದ ಒಂದು ಗಾಹೆಯಲ್ಲಿ ನಮ್ಮ ಇಪ್ಪತ್ತೊಂಬತ್ತು ಅಂಕಿಗಳೂ ಅಕ್ಷರಗಳಾಗಿ ಕೂತಿವೆ. ಅಕ್ಷರಗಳಿಗೆ ಅಂಕಿಗಳನ್ನು ಕೊಡುವ ಕಟಪಯಾದಿ ಕ್ರಮ ಸಂಗೀತ ಬಲ್ಲವರಿಗೆ ಗೊತ್ತು: ಧೀರಶಂಕರಾಭರಣದ ಮೊದಲ ಎರಡು ಅಕ್ಷರಗಳಲ್ಲಿ ಧ ಎಂದರೆ 9, ರ ಎಂದರೆ 2, ಹಿಂದುಮುಂದಾಗಿ ಓದಿದರೆ ಮೇಳದ ಸಂಖ್ಯೆ 29. ಗಾಹೆಯಲ್ಲೂ ಹೀಗೆಯೇ. ಮೊದಲ ಅಕ್ಷರ ತ, ಅಂದರೆ ಬಿಡಿಸ್ಥಾನದ 6. ಕೊನೆಯದು ಸಾ, ಅಂದರೆ ತೀರ ಎಡಬದಿಯ 7. ನಡುವಿನ ಒಂದೊಂದೇ ಅಕ್ಷರವನ್ನು ಬಿಡಿಸುತ್ತ ಹೋದರೆ 2ರ 96ನೆಯ ಘಾತ ಒಂದು ಅಂಕಿಯೂ ತಪ್ಪದೆ ಬರುತ್ತದೆ. ನಾನು ಬಿಡಿಸಿ ನೋಡಿದ್ದೇನೆ. ಕಂಪ್ಯೂಟರ್ ಕೊಡುವ ಉತ್ತರಕ್ಕೂ ಅದಕ್ಕೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಸಾವಿರ ವರ್ಷಗಳಿಂದ ಕೈಯಿಂದ ಕೈಗೆ, ಓಲೆಯಿಂದ ಓಲೆಗೆ ನಕಲಾಗುತ್ತ ಬಂದ ಸಾಲೊಂದು ಹೀಗೆ ಉಳಿದಿರುವುದು ಸಣ್ಣ ಸಂಗತಿಯಲ್ಲ.

ಓಲೆ ಬರೆಯುವವರು ತಪ್ಪು ಮಾಡದೆ ಇರುತ್ತಾರೆಯೇ? ಕನ್ನಡ ಲಿಪಿಯಲ್ಲಿ ವಕಾರವೂ ಪಕಾರವೂ ಹತ್ತಿರದವು. ಕಟಪಯಾದಿಯಲ್ಲಿ ವ ಎಂದರೆ 4, ಪ ಎಂದರೆ 1. ಓಲೆ ಬರೆಯುವ ಕಂಟ ಸ್ವಲ್ಪ ಜಾರಿದರೆ ಮನುಷ್ಯರ ಸಂಖ್ಯೆಯೇ ಬದಲಾಗಿಬಿಡುತ್ತದೆ. ಈ ಸಂಖ್ಯೆಯ ಗುಣಗಳು ಕೆಲಸಕ್ಕೆ ಬರುವುದು ಇಲ್ಲಿ. ಅಂಕಿಗಳನ್ನು ಗಾಹೆ ಹೇಳಿದೆ, ರಚನೆಯನ್ನು ಸೂತ್ರ ಹೇಳಿದೆ. ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ. ಇಪ್ಪತ್ತೊಂಬತ್ತರಲ್ಲಿ ಯಾವ ಒಂದು ಅಂಕಿಯನ್ನು ಬದಲಿಸಿದರೂ ಅದು ತೊಂಬತ್ತಾರು ಸಲ ಅರ್ಧವಾಗುವ ಸಂಖ್ಯೆಯಾಗಿ ಉಳಿಯುವುದಿಲ್ಲ.

ಅಷ್ಟು ಸಲ ಅರ್ಧ ಮಾಡಲು ಪುರುಸೊತ್ತು ಇಲ್ಲದವರಿಗೆ ಒಂಬತ್ತರ ಪರೀಕ್ಷೆ ಇದೆ. ಇದನ್ನು ನಮ್ಮ ಮೂರು ಊರುಗಳ ಪಿನ್ ಕೋಡುಗಳಲ್ಲೇ ಕಲಿಯಬಹುದು. ಬಂಟ್ವಾಳ 574211: ಅಂಕಿಗಳನ್ನು ಕೂಡಿದರೆ 20, ಅದನ್ನೂ ಕೂಡಿದರೆ 2; ಒಂಬತ್ತರಿಂದ ಭಾಗಿಸಿದರೆ ಉಳಿಯುವ ಶೇಷ 2. ಬೆಳ್ತಂಗಡಿ 574214: ಮೊತ್ತ 23, ಶೇಷ 5. ಮೂಡುಬಿದಿರೆ 574227: ಮೊತ್ತ 27, ಶೇಷವಿಲ್ಲ. ಹತ್ತು, ನೂರು, ಸಾವಿರ ಎಲ್ಲವೂ ಒಂಬತ್ತರ ಗುಣಕಕ್ಕಿಂತ ಒಂದು ಹೆಚ್ಚು ಇರುವುದರಿಂದ ಅಂಕಿ ಯಾವ ಸ್ಥಾನದಲ್ಲಿದ್ದರೂ ಅಷ್ಟೇ ಶೇಷ ಬಿಡುತ್ತದೆ.

ಈಗ ನಿಮ್ಮ ಚೀಟಿಯ ಇಪ್ಪತ್ತೊಂಬತ್ತು ಅಂಕಿಗಳನ್ನು ಕೂಡಿ. 127 ಬರಬೇಕು. ಮತ್ತೆ ಕೂಡಿದರೆ 10, ಮತ್ತೆ 1. ಇನ್ನೊಂದು ಕಡೆಯಿಂದ, ಎರಡರ ಘಾತಗಳು ಒಂಬತ್ತರಿಂದ ಬಿಡುವ ಶೇಷಗಳು 2, 4, 8, 7, 5, 1 ಎಂದು ಆರಾರಕ್ಕೆ ಮರುಕಳಿಸುತ್ತವೆ. 96 ಎಂದರೆ ಹದಿನಾರು ಆರುಗಳು, ಹಾಗಾಗಿ ಶೇಷ 1. ಎರಡೂ ಕೂಡಿಬಂತು. ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ಈ ಪರೀಕ್ಷೆಗೆ ಅದು ಸಿಗುವುದಿಲ್ಲ, ಏಕೆಂದರೆ ಮೊತ್ತ ಬದಲಾಗುವುದಿಲ್ಲ. ಅದಕ್ಕೆ ಹನ್ನೊಂದರ ಪರೀಕ್ಷೆ ಬೇಕು. ಬಲದಿಂದ ಒಂದು ಬಿಟ್ಟು ಒಂದು ಅಂಕಿಯನ್ನು ಕೂಡಿ: 79. ಬಿಟ್ಟವನ್ನು ಕೂಡಿ: 48. ವ್ಯತ್ಯಾಸ 31, ಹನ್ನೊಂದರಿಂದ ಭಾಗಿಸಿದರೆ ಶೇಷ 9. ಎರಡರ ಘಾತಗಳು ಹನ್ನೊಂದರಲ್ಲಿ ಹತ್ತು ಹತ್ತಕ್ಕೆ ಮರುಕಳಿಸುತ್ತವೆ. 96ರಲ್ಲಿ ಒಂಬತ್ತು ಹತ್ತುಗಳು ಹೋಗಿ ಆರು ಉಳಿಯುತ್ತದೆ. ಆರು ಎರಡುಗಳ ಗುಣಲಬ್ಧ 64, ಅದರ ಶೇಷವೂ 9.

96 ಎಂಬ ಘಾತಾಂಕದ ಆಯ್ಕೆಯೇ ಸಂಖ್ಯೆಗೆ ಬಹಳ ಸಂಪತ್ತು ಕೊಟ್ಟಿದೆ. ತೊಂಬತ್ತಾರಕ್ಕೆ ಹನ್ನೆರಡು ಭಾಜಕಗಳಿವೆ. ಹಾಗಾಗಿ ನಮ್ಮ ಸಂಖ್ಯೆ ಪೂರ್ಣ ವರ್ಗವೂ ಹೌದು, ಪೂರ್ಣ ಘನವೂ ಹೌದು. ಅದರ ವರ್ಗಮೂಲ 281474976710656, ಘನಮೂಲ ನಾವು ಆಗಲೇ ಕಂಡ ಐದನೆಯ ವರ್ಗ 4294967296. ನಾಲ್ಕನೆಯ, ಆರನೆಯ, ಎಂಟನೆಯ, ಹನ್ನೆರಡನೆಯ ಮೂಲಗಳೂ ಪೂರ್ಣಾಂಕಗಳೇ. ಇನ್ನೊಂದು ಎರಡನ್ನು ಗುಣಿಸಿ 97 ಮಾಡಿದ್ದರೆ ಈ ಐಶ್ವರ್ಯವೆಲ್ಲ ಹೋಗುತ್ತಿತ್ತು. ಅದು ವರ್ಗವೂ ಅಲ್ಲ, ಘನವೂ ಅಲ್ಲ.

ಅದೇ 97 ಬೇರೆ ಬಾಗಿಲಿನಿಂದ ಒಳಗೆ ಬರುತ್ತದೆ. ನಮ್ಮ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಸರಿಯಾಗಿ 97: ಒಂದರಿಂದ ಹಿಡಿದು ಎರಡರ ಒಂದೊಂದು ಘಾತವೂ. ಆ 97 ಭಾಜಕಗಳನ್ನೂ ಕೂಡಿದರೆ ಸಂಖ್ಯೆಯ ಇಮ್ಮಡಿಗಿಂತ ಒಂದು ಕಡಿಮೆ. ಅಷ್ಟೇ ಅಲ್ಲ, 97 ಅವಿಭಾಜ್ಯ ಸಂಖ್ಯೆ. ಫ್ರಾನ್ಸಿನ ಫರ್ಮಾ 1640ರಲ್ಲಿ ಕಂಡುಕೊಂಡ ಪ್ರಮೇಯದಂತೆ, 97ರಿಂದ 2ರ 96ನೆಯ ಘಾತವನ್ನು ಭಾಗಿಸಿದರೆ ಶೇಷ 1 ಉಳಿಯಲೇಬೇಕು. ಉಳಿಯುತ್ತದೆ. ಅಂದರೆ ನಮ್ಮ ಸಂಖ್ಯೆಯಲ್ಲಿ ಒಂದು ಕಳೆದರೆ ಅದು 97ರ ಗುಣಕ. 3, 5, 7, 13, 17 ಕೂಡ ಅದನ್ನು ಭಾಗಿಸುತ್ತವೆ. ಎರಡು ಬಿಟ್ಟರೆ ಬೇರೆ ಅವಿಭಾಜ್ಯವನ್ನು ಹತ್ತಿರ ಸೇರಿಸದ ಸಂಖ್ಯೆಯ ಪಕ್ಕದ ಮನೆಯಲ್ಲೇ ಇಷ್ಟೊಂದು ಅವಿಭಾಜ್ಯಗಳು.

ಕರ್ನಾಟಕದ ಗಣಿತದಲ್ಲಿ ಹೆಚ್ಚು ಪ್ರಸಿದ್ಧರಾದ ಮಹಾವೀರಾಚಾರ್ಯರು ಧವಲೆಯ ಬೆನ್ನಿಗೇ ಬಂದವರು. ಅಮೋಘವರ್ಷ ನೃಪತುಂಗನ ಕಾಲದ ಅವರ ಗಣಿತಸಾರಸಂಗ್ರಹ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಡುತ್ತದೆ. ಅಷ್ಟು ಹೆಸರುಗಳಿದ್ದರೂ ನಮ್ಮ ಸಂಖ್ಯೆಗೆ ಇನ್ನೂ ಐದು ಸ್ಥಾನ ಸಾಲದು. ಮಹಾವೀರರಿಗೆ ಅಂಕಿಗಳ ಚೆಲುವಿನ ಮೇಲೆ ಪ್ರೀತಿ. 27994681ನ್ನು 441ರಿಂದ ಗುಣಿಸಿದರೆ 12345654321 ಎಂಬ ಕಂಠಹಾರ ಬರುತ್ತದೆ ಎಂದು ಅವರು ತೋರಿಸುತ್ತಾರೆ. ಆ ಹಾರ 111111ರ ವರ್ಗ. ಪದ್ಮಾವತಮ್ಮ ಅವರ ಕನ್ನಡ ಅನುವಾದದೊಂದಿಗೆ ಈ ಗ್ರಂಥವನ್ನು ಹೊಂಬುಜ ಜೈನ ಮಠ 2000ದಲ್ಲಿ ಪ್ರಕಟಿಸಿತು.

ನಮ್ಮ ಮೂರು ತಾಲೂಕುಗಳಿಂದ ಸಾಫ್ಟ್‌ವೇರ್ ಕೆಲಸಕ್ಕೆ ಬೆಂಗಳೂರಿಗೆ ಹೋದ ಮಕ್ಕಳಿಗೆ ಈ ಸಂಖ್ಯೆಯನ್ನು ತೋರಿಸಿ ನೋಡಿ. ಸಿ ಶಾರ್ಪ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ಅರೆಕ್ಷಣ ನಿಲ್ಲುತ್ತಾರೆ. ಹಣಕಾಸಿನ ಲೆಕ್ಕಕ್ಕೆ ಅವರು ಬಳಸುವ ಡೆಸಿಮಲ್ ಎಂಬ ಸಂಖ್ಯಾವಿಧದ ಗರಿಷ್ಠ ಮಿತಿ 79228162514264337593543950335. ಕೊನೆಯಲ್ಲಿ 336ರ ಬದಲು 335, ಅಷ್ಟೇ ವ್ಯತ್ಯಾಸ. ಅದರಲ್ಲಿ ಅಂಕಿಗಳನ್ನಿಡಲು 96 ಬಿಟ್‌ಗಳ ಜಾಗ ಇರುವುದು ಕಾರಣ. 65536 ಮತ್ತು 4294967296 ಕೂಡ ಅವರಿಗೆ ದಿನನಿತ್ಯದ ಪರಿಚಯ. ಇದರಿಂದ ಆಗಮಕಾರರಿಗೆ ಕಂಪ್ಯೂಟರ್ ಗೊತ್ತಿತ್ತು ಎಂದು ಯಾರೂ ತೀರ್ಮಾನಿಸಬೇಕಾಗಿಲ್ಲ. ಎರಡನ್ನು ಹಿಡಿದು ಇಮ್ಮಡಿ ಮಾಡುತ್ತ, ವರ್ಗ ಮಾಡುತ್ತ ಹೊರಟವರು ಯಾವ ಕಾಲದವರಾದರೂ ಇದೇ ಮೆಟ್ಟಿಲುಗಳನ್ನು ಹತ್ತಬೇಕಾಗುತ್ತದೆ.

ಹೈಸ್ಕೂಲಿನ ಮಕ್ಕಳು ಘಾತಾಂಕದ ನಿಯಮಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಘಾತಾಂಕಗಳನ್ನು ಕೂಡಬೇಕೋ ಗುಣಿಸಬೇಕೋ ಎಂಬ ಗೊಂದಲ ಪಿಯುಸಿಗೆ ಹೋದರೂ ಬಿಡುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಗಣಿತ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಆ ಪಾಠ ಬಂದಾಗ ಈ ಇಪ್ಪತ್ತೊಂಬತ್ತು ಅಂಕಿಗಳನ್ನು ಬೋರ್ಡಿನ ಮೇಲೆ ಬರೆಯಿರಿ. ತರಗತಿಯನ್ನು ಗುಂಪುಗಳಾಗಿ ಮಾಡಿ ಅರ್ಧ ಮಾಡುವ ಕೆಲಸವನ್ನು ಹಂಚಿ, ಪ್ರತಿ ಗುಂಪು ತನ್ನ ಉತ್ತರವನ್ನು ಒಂಬತ್ತರ, ಹನ್ನೊಂದರ ಪರೀಕ್ಷೆಗೆ ಒಡ್ಡಿ ಮುಂದಿನ ಗುಂಪಿಗೆ ದಾಟಿಸಲಿ. ಒಂದಕ್ಕೆ ತಲುಪಿದ ಮೇಲೆ ಮಕ್ಕಳನ್ನು ಒಂದು ದಿನ ಗುರು ಬಸದಿಗೆ ಕರೆದುಕೊಂಡು ಹೋಗಿ, ಅವರು ಮಾಡಿದ ಲೆಕ್ಕ ಇಲ್ಲಿ ಕಾಪಾಡಿದ ಗ್ರಂಥದಲ್ಲಿದೆ ಎಂದು ಹೇಳಿ.